ನೆರಳು ತೆಗೆದ ಮುಖ

ನನ್ನ ಅಕ್ಕನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಬೆಳ್ತಂಗಡಿಯ ಅವಳ ಗಂಡನ ಮನೆಯ ಚಾವಡಿಯಲ್ಲಿ ಈಗ ತೂಗುಹಾಕಿರುವ ದೊಡ್ಡ ಫೋಟೋ ನೋಡಿದವರು ಯಾರೂ ಇದನ್ನು ನಂಬಲಾರರು. ಅದರಲ್ಲಿರುವ ಕೆನ್ನೆ ಹಾಲಿನ ಕೆನೆಯ ಹಾಗಿದೆ. ಹಣೆ, ಮೂಗು, ಗಲ್ಲ ಎಲ್ಲವೂ ಒಳಗಿನಿಂದ ಬೆಳಗಿದಂತಿವೆ. ಕಲೆ ಎಂಬುದು ಹುಡುಕಿದರೂ ಸಿಗುವುದಿಲ್ಲ. ಅಕ್ಕ ಹೋದ ಮೇಲೆ ನನಗೆ ಬೇಕಾಗಿದ್ದದ್ದು ಒಂದೇ, ಅವಳ ಮುಖ ಹೇಗಿತ್ತೋ ಹಾಗೆ ತೋರಿಸುವ ಒಂದು ಫೋಟೋ. ಅಂಥದ್ದು ಒಂದು ಇತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೆ.

ನಮ್ಮದು ಬಂಟ್ವಾಳದ ಹತ್ತಿರ ಜೋಡುಮಾರ್ಗದಲ್ಲಿ ಒಂದು ಸಣ್ಣ ಹೋಟೆಲು. ನಡೆಸುತ್ತಿದ್ದವರು ಸೋದರಮಾವ. ಅಪ್ಪ ಮೊದಲೇ ತೀರಿಕೊಂಡಿದ್ದರಿಂದ ಅಮ್ಮ, ಅಕ್ಕ ಮತ್ತು ನಾನು ಹೋಟೆಲಿನ ಹಿಂದಿನ ಎರಡು ಕೋಣೆಯಲ್ಲಿ ಇದ್ದೆವು. ಮಂಗಳೂರಿನ ಬಸ್ಸು, ಪುತ್ತೂರಿನ ಬಸ್ಸು ನಿಂತು ಹೊರಡುವ ಸದ್ದಿನಲ್ಲೇ ನಮ್ಮ ಹಗಲು ಕಳೆಯುತ್ತಿತ್ತು. ಅಕ್ಕನಿಗೆ ಸಿಡುಬು ಬಂದದ್ದು ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಬದುಕಿದಳು. ಕಲೆಗಳು ಉಳಿದವು. ಹೋಟೆಲಿಗೆ ಬರುವವರು ಮೊದಮೊದಲು ಅಯ್ಯೋ ಎನ್ನುತ್ತಿದ್ದರು, ಆಮೇಲೆ ಅವರಿಗೂ ಅಭ್ಯಾಸವಾಯಿತು. ಅಕ್ಕನಿಗೆ ಎಲ್ಲರಿಗಿಂತ ಮೊದಲು ಅಭ್ಯಾಸವಾಗಿತ್ತು. ಕನ್ನಡಿಯ ಮುಂದೆ ನಿಂತು ಪೌಡರು ಹಚ್ಚುವಾಗ, ಇಷ್ಟೆಲ್ಲ ಗುಂಡಿ ತುಂಬಿಸಲಿಕ್ಕೆ ಒಂದು ಡಬ್ಬಿ ಸಾಲುವುದಿಲ್ಲ ಎಂದು ತಾನೇ ನಗುತ್ತಿದ್ದಳು.

ಎಣ್ಣೆ ಹಚ್ಚಿ ಸ್ನಾನ ಮಾಡುವ ದಿನ ಅವಳ ಮುಖಕ್ಕೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಬಚ್ಚಲಿನ ಮೆಟ್ಟಿಲ ಮೇಲೆ ಎದುರುಬದುರು ಕುಳಿತು ಹಚ್ಚುತ್ತಿದ್ದೆ. ಕೆಲವು ಕಲೆಗಳು ಬೆರಳಿಗೆ ಆಳವಾಗಿ ಸಿಗುತ್ತಿದ್ದವು, ಕೆಲವು ಸಿಕ್ಕಿಯೂ ಸಿಗದ ಹಾಗೆ. ಬೆಚ್ಚಗಿನ ಎಣ್ಣೆ ಆಳದವುಗಳಲ್ಲಿ ನಿಂತು ಮಿನುಗುತ್ತಿತ್ತು. ಅವಳು ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರುತ್ತಿದ್ದಳು. ಆ ಮುಖವನ್ನು ನನ್ನಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿಲ್ಲ. ಕಟ್ಟಿಕೊಂಡವರಂತೂ ನೋಡಲೇ ಇಲ್ಲ.

ಬೆಳ್ತಂಗಡಿಯಿಂದ ಸಂಬಂಧ ಬಂತು. ಹುಡುಗ ಬೊಂಬಾಯಿಯಲ್ಲಿ ಹೋಟೆಲು ನಡೆಸುವವರು. ಆ ಕಾಲದಲ್ಲಿ ನಮ್ಮ ಕಡೆಯ ಗಂಡಸರು ಬೊಂಬಾಯಿಗೆ ಹೋದರೆ ವರ್ಷಕ್ಕೊಮ್ಮೆ ಬಂದರೆ ಬಂದರು. ಹುಡುಗಿ ನೋಡಲಿಕ್ಕೆಂದು ಒಂದು ಸಲ, ಮದುವೆಗೆಂದು ಇನ್ನೊಂದು ಸಲ ಬರಲು ಅವರಿಗೆ ಆಗುತ್ತಿರಲಿಲ್ಲ. ಹೀಗಾಗಿ ಒಂದು ಪದ್ಧತಿಯೇ ಬೆಳೆದಿತ್ತು. ಹುಡುಗನ ಮನೆಯ ಹಿರಿಯರು ಬಂದು ಹುಡುಗಿಯನ್ನು ನೋಡಿ ಒಪ್ಪುವುದು, ಆಮೇಲೆ ಹುಡುಗಿಯ ಕಡೆಯವರು ಫೋಟೋ ತೆಗೆಸಿ ಟಪಾಲಿನಲ್ಲಿ ಬೊಂಬಾಯಿಗೆ ಕಳುಹಿಸುವುದು, ಹುಡುಗ ಅದನ್ನು ನೋಡಿ ಹೂಂ ಎಂದರೆ ಮದುವೆಗೆ ನೇರ ಬಂದು ಇಳಿಯುವುದು.

ಹುಡುಗನ ಅಮ್ಮ ಬಂದು ಹಗಲು ಬೆಳಕಿನಲ್ಲೇ ಅಕ್ಕನನ್ನು ನೋಡಿದರು. ಕಲೆಗಳನ್ನೂ ನೋಡಿದರು. ಸಿಡುಬು ಬಂದು ಉಳಿದವಳು ಗಟ್ಟಿ ಹುಡುಗಿ, ನಮಗೆ ಮನೆ ನಡೆಸುವವಳು ಬೇಕು ಎಂದು ಅಮ್ಮನ ಕೈ ಹಿಡಿದು ಹೇಳಿದರು. ಅಮ್ಮ ಅಡುಗೆ ಕೋಣೆಗೆ ಬಂದು ಸೆರಗಿನಿಂದ ಕಣ್ಣೊರಸಿಕೊಂಡದ್ದು ನೆನಪಿದೆ. ಇದರಲ್ಲಿ ಎಲ್ಲಿಯೂ ಮೋಸವಿರಲಿಲ್ಲ. ಮುಖ ಹೇಗಿದೆಯೆಂದು ಮಗನಿಗೆ ಅಮ್ಮ ಬರೆಸಿಯಾರು ಎಂದು ನಮ್ಮವರು ತಿಳಿದುಕೊಂಡರು. ಫೋಟೋ ಹೋಗುತ್ತದಲ್ಲ, ಅದರಲ್ಲೇ ಕಾಣುತ್ತದೆ ಎಂದು ಹುಡುಗನ ಕಡೆಯವರು ತಿಳಿದುಕೊಂಡರು. ಎರಡು ಮನೆಯಲ್ಲೂ ಎಲ್ಲರಿಗೂ ಗೊತ್ತಿದ್ದ ಸಂಗತಿ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರಿಗೇ ಅದು ಗೊತ್ತಿರಬೇಕಾಗಿತ್ತು.

ಫೋಟೋ ತೆಗೆಸುವುದಾದರೆ ಮೂಡಬಿದ್ರೆಯಲ್ಲಿ ತೆಗೆಸಬೇಕು ಎಂದು ಮಾವನಿಗೆ ಯಾರೋ ಹೇಳಿದ್ದರು. ಮದುವೆಯ ವಯಸ್ಸಿಗೆ ಬಂದ ಹುಡುಗಿಯರನ್ನು ಸುತ್ತಲಿನ ಊರವರು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಮಾವ, ಅಕ್ಕ ಮತ್ತು ನಾನು ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ಹೋದೆವು. ಮಳೆಗಾಲ. ಕಿಟಕಿಗೆ ಇಳಿಬಿಟ್ಟ ಟರ್ಪಾಲಿನ ಸಂದಿನಿಂದ ನೀರು ಹೊಡೆದು ಅಕ್ಕನ ಸೀರೆಯ ಒಂದು ಮಗ್ಗುಲು ಒದ್ದೆಯಾಗಿತ್ತು.

ಸ್ಟುಡಿಯೋ ಎಂದರೆ ಅಂಗಡಿಯ ಮೇಲಿನ ಮಾಳಿಗೆಯ ಒಂದು ಕೋಣೆ. ಮಾಡಿನಲ್ಲಿ ನಡುನಡುವೆ ಗಾಜಿನ ಹಂಚು ಹಾಕಿದ್ದರು. ಬೇಸಗೆಯಲ್ಲಿ ಅದರಿಂದ ಇಳಿಯುವ ಬೆಳಕಿನಲ್ಲೇ ಫೋಟೋ ತೆಗೆಯುತ್ತಿದ್ದರಂತೆ. ಆ ದಿನ ಹೊರಗೇ ಬೆಳಕಿರಲಿಲ್ಲ. ಫೋಟೋದವರು ಮಧ್ಯವಯಸ್ಸಿನ, ಮೆಲುದನಿಯ ಮನುಷ್ಯ. ಮಳೆಗಾಲಕ್ಕೆಂದು ಇಟ್ಟುಕೊಂಡ ಫ್ಲಾಶನ್ನು ತೆಗೆದರು. ಊಟದ ತಟ್ಟೆಯಂಥ ಹೊಳೆಯುವ ಒಂದು ಬಟ್ಟಲು, ಅದರ ನಡುವೆ ಸಿಕ್ಕಿಸುವ ಸಣ್ಣ ಈರುಳ್ಳಿಯಂಥ ಬಲ್ಬು, ಹಿಡಿಯ ಒಳಗೆ ಬ್ಯಾಟರಿ. ಒಂದು ಬಲ್ಬು ಒಂದೇ ಸಲ ಹೊತ್ತುವುದು. ಕ್ಯಾಮರಾದ ಕಣ್ಣಿನ ಮುಚ್ಚಳ ತೆಗೆದು, ಬಲ್ಬು ಹೊತ್ತಿಸಿ, ಮುಚ್ಚಳ ಹಾಕಿದರೆ ಒಳಗಿನ ಗಾಜಿನ ಪ್ಲೇಟಿನ ಮೇಲೆ ಚಿತ್ರ ಬಿದ್ದಾಯಿತು. ಗಾಜಿನ ಹಂಚಿನ ಬೆಳಕು ಇಳಿಯುವ ಕಡೆಯಲ್ಲೇ, ಅಕ್ಕನ ಪಕ್ಕಕ್ಕೆ ಅದನ್ನು ಹಿಡಿದು ಹೊತ್ತಿಸಿದರು. ನನ್ನ ಕಣ್ಣೊಳಗೆ ಬಹಳ ಹೊತ್ತು ಹಸಿರು ಚುಕ್ಕೆ ಕುಣಿಯಿತು.

ಸುಟ್ಟ ಬಲ್ಬನ್ನು ಅವರು ಬಟ್ಟೆಯಲ್ಲಿ ಹಿಡಿದು ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ಬಾಗಿ ನೋಡಿದಳು. ನುಣ್ಣಗಿದ್ದ ಗಾಜಿನ ಮೇಲೆಲ್ಲ ಗುಳ್ಳೆ ಎದ್ದು, ಬಿರಿದು, ಮಂಕಾಗಿತ್ತು.

"ಇಲ್ಲಿ ನೋಡು ಮಾರಾಯ್ತಿ," ಎಂದಳು ನನ್ನ ಕಿವಿಯಲ್ಲಿ. "ನನ್ನನ್ನು ನೋಡಿ ಇದಕ್ಕೂ ಸಿಡುಬು ಬಂತು."

ಫೋಟೋದವರಿಗೂ ಕೇಳಿಸಿತು. ಅವರು ನಗಲಿಲ್ಲ. ನಾವಿಬ್ಬರೂ ಬಸ್ಸು ಹತ್ತುವವರೆಗೆ ನಗುತ್ತಾ ಬಂದೆವು. ಮಾವ ಎರಡು ಸಲ ಗದರಿದರು.

ವಾರ ಕಳೆದು ಫೋಟೋ ತರಲು ಮೂವರೂ ಮತ್ತೆ ಹೋದೆವು. ಅದನ್ನು ನೋಡಿದ್ದು ನಾನು ಜೀವಮಾನದಲ್ಲಿ ಒಂದೇ ಸಲ, ಅದೂ ಮಾವನ ಭುಜದ ಪಕ್ಕದಿಂದ ಇಣುಕಿ. ಪಕ್ಕದಿಂದ ಬಿದ್ದ ಬೆಳಕಿಗೆ ಒಂದೊಂದು ಕಲೆಗೂ ಒಂದೊಂದು ನೆರಳು ಬಂದಿತ್ತು. ಮನೆಯಲ್ಲಿ ಕಾಣುವುದಕ್ಕಿಂತ ಹೆಚ್ಚೇ ಕಾಣುತ್ತಿತ್ತು ಎನ್ನಬೇಕು. ಆದರೆ ಕಣ್ಣು ಅಕ್ಕನದೇ. ನಗು ತಡೆದುಕೊಂಡಾಗ ತುಟಿಯ ಒಂದು ತುದಿ ಒಳಗೆ ಹೋಗುತ್ತಿತ್ತಲ್ಲ, ಅದೂ ಬಂದಿತ್ತು. ಅಕ್ಕ ಮಾವನ ಕೈಯಿಂದ ತೆಗೆದುಕೊಂಡು ಗಾಜಿನ ಹಂಚಿನ ಕೆಳಗೆ ಹಿಡಿದು ನೋಡಿದಳು.

"ಇದು ಸರಿ ಉಂಟು ಮಾವ. ಇದನ್ನೇ ಕಳಿಸುವ," ಎಂದಳು.

"ಇದನ್ನಾ?"

"ನೋಡಿ ಬೇಡ ಅಂತ ಹೇಳಿದ್ರೆ ಅಲ್ಲಿಗೆ ಮುಗೀತದೆ. ಬೇಕು ಅಂತ ಹೇಳಿದ್ರೆ ಮತ್ತೆ ನನಗೆ ಯಾರ ಹೆದರಿಕೆಯೂ ಇಲ್ಲ."

"ನಿನಗೆ ಎಂತ ಗೊತ್ತುಂಟು. ಅವನ ಅಮ್ಮ ಬಂದು ನೋಡಿ ಒಪ್ಪಿ ಆಗಿದೆ. ಇನ್ನು ಈ ಫೋಟೋ ಅಂದ್ರೆ ಒಂದು ಶಾಸ್ತ್ರ. ಶಾಸ್ತ್ರಕ್ಕೆ ಚಂದದ್ದು ಇಟ್ರೆ ಯಾರಿಗೆ ನಷ್ಟ?"

ಮಾವ ಕೆಟ್ಟವರಲ್ಲ. ಅಪ್ಪ ಇಲ್ಲದ ನಮ್ಮನ್ನು ಸಾಕಿದವರು. ಬಾಗಿಲವರೆಗೆ ಬಂದ ಸಂಬಂಧ ಒಂದು ಕಾಗದದ ತುಂಡಿನಿಂದ ಹಿಂದೆ ಹೋಗಬಾರದು ಎಂಬುದಷ್ಟೇ ಅವರ ತಲೆಯಲ್ಲಿತ್ತು. ಅವರು ಆ ಫೋಟೋವನ್ನು ನಾಲ್ಕು ಚೂರು ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು. ಫೋಟೋದವರ ಕಡೆ ತಿರುಗಿ, ಇದರ ಪ್ಲೇಟನ್ನೂ ಇಡಬೇಡಿ, ಬೇರೆ ತೆಗೆಯಲಿಕ್ಕೆ ಆಗ್ತದಾ ಎಂದು ಕೇಳಿದರು.

ಆಗುತ್ತದೆ ಎಂದರು ಅವರು. ಮೊದಲ ಸಲ ತಾನು ಬೆಳಕನ್ನು ಯೋಚಿಸದೆ ಇಟ್ಟದ್ದೆಂದು ಅವರಿಗೆ ಬೇಸರವಾಗಿತ್ತು. ಗಾಜಿನ ಹಂಚಿನಿಂದ ಇಳಿಯುವ ಬೆಳಕಿನ ಲೆಕ್ಕದಲ್ಲಿ ಬಲ್ಬನ್ನು ಹಿಡಿದಿದ್ದೆ, ಆದರೆ ಬಲ್ಬು ಅಷ್ಟು ಅಗಲ ಇಲ್ಲವಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಸಣ್ಣ ಜಾಗದಿಂದ ಬರುವ ಬೆಳಕು ಎಲ್ಲವನ್ನೂ ಕೆತ್ತಿ ತೋರಿಸುತ್ತದೆ, ಅಗಲವಾದ ಜಾಗದಿಂದ ಬಂದರೆ ಸವರಿಕೊಂಡು ಹೋಗುತ್ತದೆ ಎಂದು ಮಾವನಿಗೆ ವಿವರಿಸಿದರು. ಬೆಳಕನ್ನು ಅಗಲ ಮಾಡಲು ಒಂದು ಬಿಳಿ ಬಟ್ಟೆ ಬೇಕಾಯಿತು. ಅವರ ಬಟ್ಟೆ ಮಳೆಗೆ ಒಣಗಿರಲಿಲ್ಲ. ಮಾವ ಚೀಲದಿಂದ ತಮ್ಮ ಮಡಿಸಿದ ಮುಂಡನ್ನು ತೆಗೆದುಕೊಟ್ಟರು. ಒಗೆದು ನೀಲಿ ಹಾಕಿದ, ಅಂಚಿಲ್ಲದ ಬಿಳಿ ಪಂಚೆ.

ಅದನ್ನು ಎರಡು ಪದರ ಮಾಡಿ ಒಂದು ತುದಿಯನ್ನು ಮಾವನ ಕೈಗೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಅಕ್ಕನ ಮುಖಕ್ಕೆ ಬಹಳ ಹತ್ತಿರ, ಸ್ವಲ್ಪ ಮೇಲಿನಿಂದ ನಾವು ಅದನ್ನು ಬಿಗಿಯಾಗಿ ಹಿಡಿದೆವು. ಕ್ಯಾಮರಾದ ಕಣ್ಣಿಗೆ ಅಡ್ಡ ಬಾರದಷ್ಟು ಮಾತ್ರ ಜಾಗ ಬಿಟ್ಟರು. ಬಲ್ಬಿನ ಬಟ್ಟಲನ್ನು ಮುಂಡಿನ ಹಿಂದೆ, ಬಿಸಿ ತಾಗದಷ್ಟು ದೂರದಲ್ಲಿ ನಿಲ್ಲಿಸಿದರು. ಇನ್ನೊಂದು ಬದಿಯಲ್ಲಿ ಸುಣ್ಣ ಬಳಿದ ಹಲಗೆ. ಅಕ್ಕನ ಮಡಿಲಲ್ಲಿ ಕ್ಯಾಮರಾಕ್ಕೆ ಕಾಣದ ಹಾಗೆ ಒಂದು ಬಿಳಿ ದಪ್ಪ ಕಾಗದ, ಗಲ್ಲದ ಕೆಳಗಿನ ಕತ್ತಲೆಗೆ.

"ಗುಳಿಯಲ್ಲಿ ನೆರಳು ಇದ್ರೆ ಗುಳಿ ಉಂಟು," ಎಂದರು ಅವರು. "ನೆರಳು ತೆಗೆದ್ರೆ ಗುಳಿಯೇ ಇಲ್ಲ. ಕ್ಯಾಮರಾಕ್ಕೆ ಅಷ್ಟೇ ಗೊತ್ತಿರುವುದು."

ಬಲ್ಬು ಹೊತ್ತಿತು. ನನ್ನ ಕೈಯಲ್ಲಿದ್ದ ಮುಂಡು ಇಡೀ ಒಂದು ಬೆಳಕಿನ ಗೋಡೆಯಾಯಿತು. ಆ ಕ್ಷಣದಲ್ಲಿ ನಾನು ಅಕ್ಕನ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ.

ಎರಡನೆಯ ಫೋಟೋ ಬಂದಾಗ ಅಮ್ಮ ದೇವರ ಮುಂದೆ ಇಟ್ಟು ಕೈಮುಗಿದರು. ಹೋಟೆಲಿನವರೆಲ್ಲ ಕೈಯಿಂದ ಕೈಗೆ ಕೊಟ್ಟು ನೋಡಿದರು. ಅಕ್ಕ ಮಾತ್ರ ಒಂದು ಬೆರಳಿನಿಂದ ಫೋಟೋವನ್ನು ತನ್ನ ಕಡೆಗೆ ತಿರುಗಿಸಿ ನೋಡಿ, "ಇವಳು ಯಾರು ಮಾರಾಯ್ತಿ? ನಮ್ಮ ಮನೆಗೆ ಯಾವಾಗ ಬಂದಳು?" ಎಂದಳು. ಎಲ್ಲರೂ ನಕ್ಕರು. ಒಪ್ಪಿಗೆಯ ಕಾಗದ ಬೊಂಬಾಯಿಯಿಂದ ಬೇಗನೇ ಬಂತು. ಇಷ್ಟು ಬೇಗ ಉತ್ತರ ಬಂದದ್ದು ಯಾವ ಸಂಬಂಧದಲ್ಲೂ ಕೇಳಿಲ್ಲ ಎಂದು ಮಾವ ಬಂದವರಿಗೆಲ್ಲ ಹೇಳಿದರು. ಅದೇ ಫೋಟೋದ ಇನ್ನೊಂದು ಪ್ರತಿಗೆ ಅದೇ ಸ್ಟುಡಿಯೋದಲ್ಲಿ ಕಟ್ಟು ಹಾಕಿಸಿ, ಮದುವೆಗೆ ಉಡುಗೊರೆಯೆಂದು ತಂದಿಟ್ಟರು.

ಧಾರೆಯ ದಿನ ಮಂಟಪದಲ್ಲಿ ಭಾವ ಮೊದಲ ಸಲ ಅಕ್ಕನ ಮುಖ ನೋಡಿದರು. ನಾನು ಅಕ್ಕನ ಹಿಂದೆ ಕಲಶ ಹಿಡಿದು ನಿಂತಿದ್ದೆ, ಆದುದರಿಂದ ಅವರ ಕಣ್ಣು ನನಗೆ ನೇರ ಕಾಣುತ್ತಿತ್ತು. ಅವರು ಅಕ್ಕನನ್ನು ನೋಡಿದರು. ಆಮೇಲೆ ಅವರ ಕಣ್ಣು ಅಕ್ಕನನ್ನು ಬಿಟ್ಟು ಹಿಂದೆ ನಿಂತ ನಮ್ಮ ಸಾಲಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಯಿತು. ಯಾರನ್ನೋ ಹುಡುಕುವ ಹಾಗೆ. ಮತ್ತೆ ಅಕ್ಕನ ಮೇಲೆ ಬಂದು, ನೆಲಕ್ಕೆ ಇಳಿಯಿತು. ಯಾರೂ ಗಮನಿಸಲಿಲ್ಲ. ವಾದ್ಯ ಜೋರಾಗಿತ್ತು. ಅಕ್ಕ ಗಮನಿಸಿದಳು. ಅವಳ ಕುತ್ತಿಗೆಯ ಹಿಂಭಾಗ ನನಗೆ ಕಾಣುತ್ತಿತ್ತು. ಅದು ಸ್ವಲ್ಪವೇ ಬಾಗಿ ಹಾಗೇ ನಿಂತಿತು.

ಭಾವ ಗಲಾಟೆ ಮಾಡುವವರಲ್ಲ. ಒಂದು ಕೆಟ್ಟ ಮಾತು ಆಡಲಿಲ್ಲ. ಮದುವೆ ಫೋಟೋ ತೆಗೆಯಲು ಬೆಳ್ತಂಗಡಿಯವರೊಬ್ಬರನ್ನು ಮಾವ ಕರೆಸಿದ್ದರು. ಇನ್ನು ಫೋಟೋ ಬೇಡ, ಒಂದು ಉಂಟಲ್ಲ ಎಂದು ಭಾವ ಅವರನ್ನು ವಾಪಸು ಕಳುಹಿಸಿದರು. ಖರ್ಚು ನೋಡಿ ಮಾಡುವ ಹುಡುಗ ಎಂದು ನಮ್ಮವರು ಮೆಚ್ಚಿಕೊಂಡರು. ರಜೆ ಮುಗಿದು ಅವರು ಬೊಂಬಾಯಿಗೆ ಹೊರಟಾಗ ಕಟ್ಟು ಹಾಕಿದ ಫೋಟೋವನ್ನು ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ತೆಗೆದುಕೊಂಡು ಹೋದರು. ಅಕ್ಕ ಬೆಳ್ತಂಗಡಿಯಲ್ಲಿ ಅತ್ತೆಯ ಜೊತೆ ಉಳಿದಳು.

ನನ್ನನ್ನು ವಿಟ್ಲಕ್ಕೆ ಕೊಟ್ಟರು. ನನ್ನವರು ಮನೆಗೆ ಬಂದು ನೋಡಿಯೇ ಹೋದವರು, ನನಗೆ ಫೋಟೋ ಬೇಕಾಗಲಿಲ್ಲ. ಅಕ್ಕನನ್ನು ನೋಡಲು ವರ್ಷಕ್ಕೆ ಕೆಲವು ಸಲ ಬೆಳ್ತಂಗಡಿಗೆ ಹೋಗುತ್ತಿದ್ದೆ. ಅವಳಿಗೆ ಊಟ ಬಟ್ಟೆಗೆ ಕೊರತೆಯಿರಲಿಲ್ಲ. ತಿಂಗಳು ತಿಂಗಳು ಮನಿಯಾರ್ಡರು ಬರುತ್ತಿತ್ತು. ಅತ್ತೆ ಅವಳನ್ನು ಮಗಳ ಹಾಗೆ ನೋಡಿಕೊಂಡರು, ಇದನ್ನು ಇಲ್ಲವೆನ್ನಲಾರೆ. ಭಾವ ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಬಂದು ಹೋಗುತ್ತಿದ್ದರು. ಅವರು ತನ್ನೊಡನೆ ಮಾತಾಡುವಾಗ ಹಣೆಯ ಕುಂಕುಮ ನೋಡಿ ಮಾತಾಡುತ್ತಾರೆ, ಅದರಿಂದ ಕೆಳಗೆ ಇಳಿಯುವುದಿಲ್ಲ ಎಂದು ಅಕ್ಕ ಒಮ್ಮೆ ಹೇಳಿದಳು. ಮಕ್ಕಳಾಗಲಿಲ್ಲ. ಅದಕ್ಕೂ ಜನ ಅವಳನ್ನೇ ಕೇಳಿದರು.

ಬೊಂಬಾಯಿಯಿಂದ ಬಂದ ನೆಂಟರೊಬ್ಬರು ಸುದ್ದಿ ತಂದಿದ್ದರು. ಭಾವನ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಅಕ್ಕನ ಫೋಟೋ ಇದೆಯಂತೆ. ಬಂದ ಗಿರಾಕಿಗಳೆಲ್ಲ ಕೇಳುತ್ತಾರಂತೆ. ಭಾವ ಹೆಮ್ಮೆಯಿಂದ ಊರಿನಲ್ಲಿದ್ದಾಳೆ, ಅಮ್ಮನನ್ನು ನೋಡಿಕೊಳ್ಳುತ್ತಾಳೆ ಎನ್ನುತ್ತಾರಂತೆ. ನೀನು ಪುಣ್ಯವಂತೆ ಎಂದು ಆ ನೆಂಟರು ಅಕ್ಕನಿಗೆ ಹೇಳಿ ಎರಡನೆಯ ಲೋಟ ಕಾಫಿ ಕುಡಿದು ಹೋದರು.

ಆಮೇಲಿನ ಬೇಸಗೆಯಲ್ಲಿ ಅಕ್ಕ ಗಂಡನನ್ನು ಕೇಳಿದಳಂತೆ, ತನ್ನನ್ನೂ ಒಂದು ಸಲ ಬೊಂಬಾಯಿಗೆ ಕರೆದುಕೊಂಡು ಹೋಗಬಹುದಾ ಎಂದು. ಕೋಣೆ ಸಣ್ಣದು ಎಂದರಂತೆ. ಸಣ್ಣ ಕೋಣೆ ನನಗೆ ಅಭ್ಯಾಸ ಉಂಟು ಎಂದಳಂತೆ. ಅದಕ್ಕೆ ಅವರು ಹೇಳಿದ್ದನ್ನು ಅಕ್ಕ ನನಗೆ ಅವರದೇ ಧ್ವನಿಯಲ್ಲಿ ಹೇಳಿ ತೋರಿಸಿದಳು. ಹಿತ್ತಿಲ ಮೆಟ್ಟಿಲಲ್ಲಿ ಕುಳಿತು ನಾವಿಬ್ಬರೂ ಬಸಳೆ ಸೋಸುತ್ತಿದ್ದೆವು.

"ಅಲ್ಲಿ ಎಲ್ಲರೂ ಫೋಟೋ ನೋಡಿದ್ದಾರೆ."

ನಾನು ಬಸಳೆಯ ದಂಟು ಹಿಡಿದುಕೊಂಡೇ ಕುಳಿತೆ.

"ಎಂತ ಮುಖ ಸಣ್ಣ ಮಾಡ್ತೀಯಾ," ಎಂದಳು ಅಕ್ಕ. "ಎಲ್ಲರಿಗೂ ಸವತಿ ಬಂದ್ರೆ ಗಲಾಟೆ. ನನ್ನ ಸವತಿ ನೋಡು, ಊಟ ಕೇಳುವುದಿಲ್ಲ, ಸೀರೆ ಕೇಳುವುದಿಲ್ಲ, ಗೋಡೆಯಲ್ಲಿ ಇರ್ತಾಳೆ. ವಯಸ್ಸೂ ಆಗುವುದಿಲ್ಲ. ಅದೊಂದು ಮಾತ್ರ ನನಗೆ ಕಷ್ಟ."

ಆ ದಿನದ ನಂತರ ಅವಳು ಆ ಫೋಟೋವನ್ನು ಸವತಿ ಎಂದೇ ಕರೆಯುತ್ತಿದ್ದಳು. ಸವತಿ ಚೆನ್ನಾಗಿದ್ದಾಳಂತೆ, ಮೊನ್ನೆ ಕಾಗದ ಬಂತು ಎನ್ನುತ್ತಿದ್ದಳು. ನಾನು ನಗಬೇಕೆಂದು ಅವಳು ಕಾಯುತ್ತಿದ್ದಳು. ನಾನು ನಗುತ್ತಿದ್ದೆ.

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮೊದಲು ಕಷಾಯ, ಆಮೇಲೆ ಡಾಕ್ಟರು, ಆಮೇಲೆ ಮಂಗಳೂರಿಗೆ ಕರೆದುಕೊಂಡು ಹೋಗುವ ಮಾತು. ಕಾರು ಬರುವ ಮೊದಲೇ ಹೋದಳು. ನಾನು ತಲುಪಿದಾಗ ಅವಳನ್ನು ಚಾವಡಿಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಇಟ್ಟಿದ್ದರು. ದೀಪದ ಬೆಳಕು ಪಕ್ಕದಿಂದ ಬೀಳುತ್ತಿತ್ತು. ಕಲೆಗಳೆಲ್ಲ ಕಂಡವು. ಮಳೆ ಬಿಟ್ಟ ಹೊತ್ತು ನೋಡಿ ಎತ್ತಿದರು. ಭಾವ ಬೊಂಬಾಯಿಯಿಂದ ಬಂದು ಮುಟ್ಟುವಾಗ ಬೂದಿಯೂ ತಣ್ಣಗಾಗಿತ್ತು.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಯ ದಿನ, ಚಾವಡಿಯಲ್ಲಿ ಒಂದು ಕುರ್ಚಿ ಇಟ್ಟು, ಅದರ ಮೇಲೆ ಬಿಳಿ ಬಟ್ಟೆ ಹಾಸಿ, ಭಾವ ತಂದ ಫೋಟೋ ಇಟ್ಟರು. ಅದಕ್ಕೆ ಸೇವಂತಿಗೆಯ ಮಾಲೆ. ಬಂದವರು ಕೈಮುಗಿದು ಊಟಕ್ಕೆ ಹೋಗುತ್ತಿದ್ದರು. ಪಕ್ಕದ ಮನೆಯ ಒಬ್ಬ ಹೆಂಗಸು, ದಿನಾ ಅಕ್ಕನ ಜೊತೆ ಒಂದೇ ಬಾವಿಯಿಂದ ನೀರು ಸೇದಿದವರು, ಕುರ್ಚಿಯ ಮುಂದೆ ನಿಂತು ಸುತ್ತ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ ಕೇಳಿದರು.

"ಇದು ಯಾರದ್ದು ಇಟ್ಟದ್ದು? ಅವಳದ್ದು ಫೋಟೋ ಇರಲಿಲ್ಲವಾ?"

ಅವರಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಆ ಹೊತ್ತಿಗೆ ನನಗೆ ಹರಿದು ಮಾವನ ಕಿಸೆಗೆ ಹೋದ ಆ ಮೊದಲ ಫೋಟೋ ನೆನಪಾಯಿತು. ಹರಿದದ್ದು ಕಾಗದ. ಮಾವ ಇಡಬೇಡಿ ಎಂದಿದ್ದರೂ ಗಾಜಿನ ಪ್ಲೇಟು ಸ್ಟುಡಿಯೋದಲ್ಲೇ ಉಳಿದಿರಬಹುದಲ್ಲ ಎಂದು ಹೊಳೆಯಿತು. ಅದಿದ್ದರೆ ಮತ್ತೊಂದು ಪ್ರತಿ ತೆಗೆಸಬಹುದು.

ಮರುದಿನ ನಾನು ಹೊರಡುವಾಗ ಭಾವನೇ ಆ ಫೋಟೋವನ್ನು ಕಾಗದದಲ್ಲಿ ಸುತ್ತಿ ತಂದರು. ಇದನ್ನು ಅದೇ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಬೇಕು, ಇಲ್ಲಿ ಚಾವಡಿಗೆ ಒಂದು ಬೇಕು, ನಿನಗೆ ದಾರಿ ಗೊತ್ತಲ್ಲ ಎಂದರು. ನಾನು ತೆಗೆದುಕೊಂಡೆ. ಅವರು ಹೋಗಲಿಲ್ಲ. ಅವರಿಗೂ ತಲೆ ಅರ್ಧ ಬೆಳ್ಳಗಾಗಿತ್ತು.

"ಒಂದು ಕೇಳ್ತೇನೆ," ಎಂದರು. "ಈ ಫೋಟೋದಲ್ಲಿ ಇದ್ದ ಹಾಗೆ ಅವಳು ನಿನಗೆ ಯಾವಾಗಾದ್ರೂ ಕಂಡದ್ದು ಉಂಟಾ?"

"ಒಂದು ಸಲ ಭಾವ."

"ಯಾವಾಗ?"

"ಬಲ್ಬು ಹೊತ್ತಿದಾಗ. ಮತ್ತೆ ಇಲ್ಲ."

ಅವರು ತಲೆ ಆಡಿಸಿ ಒಳಗೆ ಹೋದರು. ನಾನು ಆ ಮಾತನ್ನು ಇನ್ನಷ್ಟು ಕಠಿಣವಾಗಿ ಹೇಳಬೇಕಾಗಿತ್ತು ಎಂದು ಬಸ್ಸಿನಲ್ಲಿ ಕುಳಿತು ಅಂದುಕೊಂಡೆ. ಅವರು ಮಾಡಿದ ಅನ್ಯಾಯಕ್ಕೆ ಅಷ್ಟು ಮಾತು ಸಾಲದು. ಆದರೆ ಅವರಿಗೂ ಯಾರೂ ಏನೂ ಹೇಳಿರಲಿಲ್ಲ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ವೇಣೂರಿನ ದಾರಿಯಾಗಿ ಮೂಡಬಿದ್ರೆಗೆ ಹೋದೆ. ಸ್ಟುಡಿಯೋ ಈಗ ಕೆಳಗಿನ ಅಂಗಡಿಗೆ ಇಳಿದಿತ್ತು. ಎದುರಿಗೆ ಗಾಜಿನ ಕಪಾಟು, ಅದರಲ್ಲಿ ಮದುಮಕ್ಕಳ, ಮಗುವಿನ, ಮುದುಕರ ಫೋಟೋಗಳು. ನಡುವೆ ಅಕ್ಕ. ಅದೇ ಫೋಟೋ. ಬಿಸಿಲಿಗೆ ಬಣ್ಣ ಸ್ವಲ್ಪ ಹಳದಿಯಾಗಿತ್ತು. ಇಷ್ಟು ವರ್ಷ ದಾರಿಯಲ್ಲಿ ಹೋಗುವ ಬರುವ ಎಲ್ಲರೂ ಅದನ್ನು ನೋಡಿದ್ದರು, ನಮಗೆ ಗೊತ್ತೇ ಇರಲಿಲ್ಲ.

ಫೋಟೋದವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ಬಿಚ್ಚಿಕೊಟ್ಟ ಫೋಟೋ ನೋಡಿ ಅವರ ಮುಖ ಅರಳಿತು. ತನ್ನ ಕೈಯಿಂದ ಆದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದರು. ಕಪಾಟಿನಲ್ಲಿ ಇದನ್ನು ನೋಡಿಯೇ ಹುಡುಗಿಯರು ಒಳಗೆ ಬಂದು, ನಮಗೂ ಹೀಗೇ ತೆಗೆಯಿರಿ ಎನ್ನುತ್ತಾರಂತೆ. ಈಗ ಮುಂಡು ಹಿಡಿಯಲು ಇಬ್ಬರು ಬೇಡ, ಒಂದು ಕೊಡೆಗೆ ಬಿಳಿ ಬಟ್ಟೆ ಹೊಲಿಸಿಕೊಂಡಿದ್ದೇನೆ ಎಂದು ಅದನ್ನು ಬಿಡಿಸಿ ತೋರಿಸಿದರು. ಅಕ್ಕ ಹೇಗಿದ್ದಾಳೆ ಎಂದು ಕೇಳಿದರು. ಹೇಳಿದೆ. ಕೊಡೆಯನ್ನು ನಿಧಾನವಾಗಿ ಮಡಚಿದರು.

ಮೊದಲು ತೆಗೆದ ಪ್ಲೇಟು ಉಂಟಾ ಎಂದು ಕೇಳಿದೆ. ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಪಕ್ಕದಿಂದ ಬೆಳಕು ಇಟ್ಟದ್ದು, ಮಾವ ಬೇಡವೆಂದದ್ದು ಎಂದೆ.

"ಓ, ಅದಾ. ಇಲ್ಲಮ್ಮ," ಎಂದರು. "ಬೇಡ ಅಂತ ಹೇಳಿದ ಪ್ಲೇಟನ್ನು ನಾವು ಇಡುವುದಿಲ್ಲ. ಸೋಡಾ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿದ್ರೆ ಚಿತ್ರ ಸಿಪ್ಪೆಯ ಹಾಗೆ ಎದ್ದು ಬರ್ತದೆ. ಒಳ್ಳೆಯ ಗಾಜು, ಬಿಸಾಡ್ಲಿಕ್ಕೆ ಆಗ್ತದಾ. ಫೋಟೋಕ್ಕೆ ಕಟ್ಟು ಹಾಕಲಿಕ್ಕೆ ಅದನ್ನೇ ಉಪಯೋಗಿಸುವುದು."

ಹಾಗೆನ್ನುತ್ತಾ ಅವರು, ದೊಡ್ಡದು ಮಾಡಲು ಹಿಂದೆ ಬರೆದ ಪ್ಲೇಟಿನ ನಂಬರು ಬೇಕೆಂದು, ಭಾವ ಕೊಟ್ಟ ಫೋಟೋದ ಕಟ್ಟನ್ನು ಬಿಚ್ಚುತ್ತಿದ್ದರು. ಹಿಂದಿನ ಮೊಳೆಗಳನ್ನು ಕಿತ್ತು, ರಟ್ಟು ತೆಗೆದು, ಫೋಟೋ ತೆಗೆದು, ಕೊನೆಗೆ ಗಾಜನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಅಂಚು ನೋಡಿದರು. ಇದೂ ಅಂಥದ್ದೇ, ನನ್ನ ಪ್ಲೇಟಿನ ಗಾಜೇ, ಆಗಿನ ಕಾಲದ್ದು ಎಂದರು. ಯಾವ ಪ್ಲೇಟಿನದು ಎಂದು ಹೇಳಲು ಅವರಿಗೂ ಸಾಧ್ಯವಿರಲಿಲ್ಲ. ನಾನೂ ಕೇಳಲಿಲ್ಲ.

ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ. ಮೇಜಿನ ಖಾನೆಯಿಂದ ಸಪೂರದ ಬ್ರಷ್ಷು, ಕಪ್ಪು ಬಣ್ಣದ ಸಣ್ಣ ಸೀಸೆ ತೆಗೆದರು.

"ಕಲೆ ತೆಗೆಯಿರಿ ಅಂತ ಹೇಳಿದವರು ಎಷ್ಟೋ ಮಂದಿ. ಹಾಕಿ ಅಂತ ಯಾರೂ ಕೇಳಿದ್ದಿಲ್ಲ. ನಿಮಗೆ ಬೇಕಾದ್ರೆ ಬೇರೆ ಒಂದು ಪ್ರತಿಗೆ ಹಾಕಿ ಕೊಡ್ತೇನೆ. ಎಲ್ಲೆಲ್ಲಿ ಇತ್ತು ಹೇಳಿ."

ಪ್ರತಿ ಹಾಳಾಗಬಾರದೆಂದು ಮೊದಲು ಗಾಜಿನ ಮೇಲೆ ಹಾಕಿ ನೋಡುವ ಎಂದು ಅವರು ಫೋಟೋದ ಮೇಲೆ ಗಾಜನ್ನಿಟ್ಟರು. ಎಡಗಣ್ಣಿನ ಕೆಳಗೆ ಒಂದು ಎಂದೆ. ಅವರ ಎಡವಾ, ನಮ್ಮ ಎಡವಾ ಎಂದು ಕೇಳಿದರು. ಎದುರಿಗೆ ಕೂತವರ ಎಡ ಎಂದೆ. ಅಂದ್ರೆ ನಿಮ್ಮ ಎಡ ಎಂದು ಅವರು ಚುಕ್ಕೆ ಇಟ್ಟರು. ಮೂಗಿನ ತುದಿಯಲ್ಲಿ ಒಂದು. ಗಲ್ಲದ ಮೇಲೆ ಒತ್ತೊತ್ತಾಗಿ ಎರಡು. ಅದಾದ ಮೇಲೆ ಕೆನ್ನೆ. ಕೆನ್ನೆಗೆ ಬಂದಾಗ ನನಗೆ ಹೇಳಲಾಗಲಿಲ್ಲ. ತುಂಬ ಇತ್ತು ಎಂದು ಗೊತ್ತು. ಯಾವುದು ಎಲ್ಲಿ, ಯಾವುದರ ಪಕ್ಕ ಯಾವುದು ಎಂದು ಗೊತ್ತಿಲ್ಲ. ಬೆರಳಿಗೆ ಎಣ್ಣೆ ಇದ್ದು, ಎದುರಿಗೆ ಅವಳು ಇದ್ದಿದ್ದರೆ ಕಣ್ಣು ಮುಚ್ಚಿ ಮುಟ್ಟುತ್ತಿದ್ದೆ. ಅವರು ಬ್ರಷ್ಷು ಹಿಡಿದು ಕಾಯುತ್ತಿದ್ದರು. ಚುಕ್ಕೆ ಇಟ್ಟ ಮುಖ ಅಕ್ಕನದೂ ಆಗಿರಲಿಲ್ಲ, ಅವಳ ಸವತಿಯದೂ ಆಗಿರಲಿಲ್ಲ.

ಬೇಡ, ಒರಸಿ ಎಂದೆ.

ಅವರು ಒದ್ದೆ ಬಟ್ಟೆಯಿಂದ ಒರಸಿದರು. ಚುಕ್ಕೆಗಳು ಒಂದೇ ಸಲಕ್ಕೆ ಹೋದವು. ದೊಡ್ಡ ಫೋಟೋ ಯಾವಾಗ ಸಿಗುತ್ತದೆಂದು ಹೇಳಿ, ಕಟ್ಟನ್ನು ಮತ್ತೆ ಜೋಡಿಸಿ ನನ್ನ ಕೈಗೆ ಕೊಟ್ಟರು. ಬಸ್ಸು ಬರುವವರೆಗೆ ಅಂಗಡಿಯ ಜಗಲಿಯಲ್ಲಿ ಅದನ್ನು ಮಡಿಲಲ್ಲಿಟ್ಟು ಕುಳಿತಿದ್ದೆ. ಕೆನ್ನೆಯಿರುವ ಕಡೆ ಗಾಜಿನ ಮೇಲೆ ಬೆರಳು ಇಟ್ಟೆ. ಈ ಬದಿಯಿಂದ ಆ ಬದಿಯವರೆಗೆ ಎಳೆದೆ. ಎಲ್ಲಿಯೂ ಏನೂ ತಡೆಯಲಿಲ್ಲ.